ಫ್ಲೂರಿ: ಜನವಸತಿಯಿಲ್ಲದ ಒಂದು ಫ್ರೆಂಚ್ ರೈತ ಗ್ರಾಮದ ಭೂಗೋಳ, ಇತಿಹಾಸ

ಫ್ಲೂರಿ-ದವಾಂ-ದುವೊಮೊಂ ಈಶಾನ್ಯ ಫ್ರಾನ್ಸಿನ ಮ್ಯೂಸ್ ಜಿಲ್ಲೆಯ ಊರು. ವರ್ದೂನ್ ಪಟ್ಟಣದಿಂದ ಸುಮಾರು 6 ಕಿ.ಮೀ. ಈಶಾನ್ಯಕ್ಕಿದೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಇಲ್ಲಿ ನಾನೂರು ಚಿಲ್ಲರೆ ಜನರಿದ್ದರು. ಈ ಊರಿನ ಬಗ್ಗೆ ಓದುವವರು ಸೀದಾ 1916ರ ವರ್ದೂನ್ ಯುದ್ಧಕ್ಕೆ ಹಾರುತ್ತಾರೆ. ನೆಲ ಅರ್ಥವಾಗದೆ 1916 ಅರ್ಥವಾಗುವುದಿಲ್ಲ ಎಂಬುದು ನನ್ನ ಅನಿಸಿಕೆ. ಹಾಗಾಗಿ ಇಲ್ಲಿ ನೆಲಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಕಡಿದಾದ ಮುಖ ಯಾವ ಕಡೆಗೆ, ಏಕೆ?

ಮ್ಯೂಸ್ ನದಿಗೂ ಪೂರ್ವದ ವೊವ್ರ್ ಬಯಲಿಗೂ ನಡುವೆ ಸುಣ್ಣಕಲ್ಲಿನ ಬೆಟ್ಟಸಾಲೊಂದು ಚಾಚಿಕೊಂಡಿದೆ. ಅದರ ಹೆಸರು ಕೋತ್ ದ ಮ್ಯೂಸ್. ಫ್ಲೂರಿ ಇದ್ದದ್ದು ಈ ಸಾಲಿನ ಮೇಲೆ. ಭೂಗೋಳದ ಪುಸ್ತಕಗಳು ಇದನ್ನು ಕ್ವೆಸ್ಟಾ ಎಂದು ಕರೆದು, ಒಂದು ಬದಿ ಕಡಿದಾದದ್ದು, ಇನ್ನೊಂದು ಬದಿ ನಿಧಾನವಾದ ಇಳಿಜಾರು ಎಂದು ಮುಂದೆ ಹೋಗಿಬಿಡುತ್ತವೆ. ನಾನು ಬಹಳ ಹೊತ್ತು ಸಿಕ್ಕಿಕೊಂಡದ್ದು ಇಲ್ಲೇ. ಕಲ್ಲಿನ ಪದರಗಳು ಪಶ್ಚಿಮಕ್ಕೆ, ಪ್ಯಾರಿಸ್ ಕಡೆಗೆ ವಾಲಿವೆ. ಹಾಗಿದ್ದ ಮೇಲೆ ಕಡಿದಾದ ಮುಖ ಪೂರ್ವಕ್ಕೆ ಹೇಗೆ ಬಂತು?

ಒಂದರೊಳಗೊಂದು ಜೋಡಿಸಿಟ್ಟ ತಟ್ಟೆಗಳನ್ನು ನೆನೆಯಿರಿ. ಅತಿ ದೊಡ್ಡದು ಅಡಿಯಲ್ಲಿ, ಚಿಕ್ಕದು ಮೇಲೆ. ನಡುವಿನ ತಗ್ಗಿನಲ್ಲಿ ಪ್ಯಾರಿಸ್. ಪ್ರತಿ ತಟ್ಟೆಯ ಅಂಚೂ ಹೊರಗಡೆ ಮೇಲೆದ್ದಿರುತ್ತದೆ. ಈಗ ಒಂದು ತಟ್ಟೆಯನ್ನು ಗಟ್ಟಿ ಸುಣ್ಣಕಲ್ಲು ಎಂದುಕೊಳ್ಳಿ, ಅದರ ಅಡಿಯದನ್ನು ಮೆದು ಜೇಡಿ. ಅಂಚಿನಾಚೆ ಹೊರಗೆ ತೆರೆದುಕೊಂಡ ಜೇಡಿಯನ್ನು ಮಳೆ, ತೊರೆಗಳು ಬೇಗ ಸವೆಸುತ್ತವೆ. ಹಾಗೆ ತಗ್ಗಾದದ್ದೇ ವೊವ್ರ್ ಬಯಲು. ಅಡಿಯ ಆಧಾರ ಕಳೆದುಕೊಂಡ ಸುಣ್ಣಕಲ್ಲಿನ ಅಂಚು ಕಳಚಿ ಬೀಳುತ್ತಾ ಕಡಿದಾದ ಮುಖವಾಗಿ ನಿಲ್ಲುತ್ತದೆ. ಅಂದರೆ ಕಡಿದಾಗಿರುವುದು ಪದರ ವಾಲಿದ ಕಡೆಯಲ್ಲ, ಪದರ ತುಂಡಾದ ಕಡೆ. ಈಶಾನ್ಯ ಫ್ರಾನ್ಸಿನ ಲೊರೇನ್ ಸೀಮೆಯಿಂದ ಶಾಂಪೇನ್ ಸೀಮೆಯವರೆಗೆ ಯಾವ ಕ್ವೆಸ್ಟಾ ಬಂದರೂ ನಾನು ಒಂದೇ ಸೂತ್ರ ಹಿಡಿಯುತ್ತೇನೆ: ಇಳಿಜಾರು ಪ್ಯಾರಿಸ್ ಕಡೆಗೆ, ಕಡಿದಾದ ಮುಖ ಹೊರಕ್ಕೆ. ಪೂರ್ವ-ಪಶ್ಚಿಮವಾಗಿ ಒಂದು ಅಡ್ಡಸೀಳು ಚಿತ್ರ ಬರೆದು ನೋಡಿ, ಮತ್ತೆ ಮರೆಯುವುದಿಲ್ಲ.

ನೀರಿನ ಲೆಕ್ಕವೂ ಇದರಿಂದಲೇ ಸಿಗುತ್ತದೆ. ಸುಣ್ಣಕಲ್ಲು ಮಳೆನೀರನ್ನು ಕುಡಿದುಬಿಡುತ್ತದೆ, ಜೇಡಿ ಅದನ್ನು ತಡೆದು ಒರತೆಯಾಗಿ ಹೊರಬಿಡುತ್ತದೆ. ಬೆಟ್ಟದ ಬುಡದಲ್ಲಿ ದಾಂಲೂವಿನಂಥ ಹಳ್ಳಿಗಳು ಸಾಲಾಗಿರುವುದು ಅದಕ್ಕೇ. ಫ್ಲೂರಿ ಮಾತ್ರ ಮೇಲೆ, ಕಣಿವೆಗಳ ನಡುವಿನ ದಿಣ್ಣೆಯಲ್ಲಿ.

ಬೇಸಾಯ

ಲೊರೇನ್ ಸೀಮೆಯ ಹಳೆಯ ಕ್ರಮದಲ್ಲಿ ಹೊಲಗಳಿಗೆ ಬೇಲಿಯಿಲ್ಲ. ಒಂದು ವರ್ಷ ಗೋಧಿ, ಮರುವರ್ಷ ಓಟ್ಸ್, ಮೂರನೆಯ ವರ್ಷ ಬೀಳು. ಮನೆಗಳು ಬೀದಿಯುದ್ದಕ್ಕೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮನೆಗೂ ಬೀದಿಗೂ ನಡುವಿನ ತೆರೆದ ಜಾಗ ಉಜ್ವಾರ್. ಗೊಬ್ಬರದ ಗುಡ್ಡೆ, ಸೌದೆ, ಗಾಡಿ ಎಲ್ಲ ಅಲ್ಲೇ.

ಗಡಿ ಹತ್ತಿರವಾದದ್ದು

ಫ್ರಾನ್ಸಿನ ರಾಜ ಎರಡನೆಯ ಹೆನ್ರಿ 1552ರಲ್ಲಿ ವರ್ದೂನನ್ನು ಹಿಡಿದ. 1648ರ ವೆಸ್ಟ್‌ಫಾಲಿಯಾ ಒಪ್ಪಂದದಲ್ಲಿ ಅದು ಅಧಿಕೃತವಾಗಿ ಫ್ರಾನ್ಸಿನದಾಯಿತು. ಫ್ಲೂರಿಯ ಹಣೆಬರಹ ತಿರುಗಿದ್ದು 1871ರಲ್ಲಿ. ಜರ್ಮನ್ನರೊಡನೆ ಯುದ್ಧದಲ್ಲಿ ಫ್ರಾನ್ಸ್ ಸೋತು, ಪೂರ್ವದ ಮೆಟ್ಸ್ ಪಟ್ಟಣ ಜರ್ಮನಿಯ ಪಾಲಾಗಿ ಗಡಿ ಹತ್ತಿರಕ್ಕೆ ಬಂತು. ಆಮೇಲೆ ಸುತ್ತಲಿನ ಎತ್ತರಗಳಲ್ಲಿ ಸೂವೀಲ್, ವೋ, ದುವೊಮೊಂ ಕೋಟೆಗಳು ಎದ್ದವು. ಫ್ಲೂರಿಯ ಹೊಲಗಳು ಸೂವೀಲ್ ಮತ್ತು ದುವೊಮೊಂ ಕೋಟೆಗಳ ನಡುವೆ ಸಿಕ್ಕಿಕೊಂಡವು.

21 ಫೆಬ್ರುವರಿ 1916ರಂದು ವರ್ದೂನ್ ಮೇಲೆ ಜರ್ಮನ್ನರ ದಾಳಿ ಆರಂಭವಾಯಿತು. ಮೇಲಿನ ಚಿತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ: ಜರ್ಮನ್ನರು ಪೂರ್ವದ ಕಡಿದಾದ ಮುಖವನ್ನು ಹತ್ತುವ ಬದಲು, ಉತ್ತರದಿಂದ ಬೆಟ್ಟಸಾಲಿನ ಉದ್ದಕ್ಕೇ ಬಂದರು. ಆ ದಾರಿಯಲ್ಲಿ ದುವೊಮೊಂ ಆದ ಮೇಲೆ ಫ್ಲೂರಿ, ಅದಾದ ಮೇಲೆ ಸೂವೀಲ್. ಜೂನ್ 23ರಂದು ಊರು ಜರ್ಮನ್ನರ ವಶವಾಯಿತು, ಆಗಸ್ಟ್ 18ರಂದು ಫ್ರೆಂಚರು ಕೊನೆಯದಾಗಿ ಮರಳಿ ಪಡೆದರು. ನಡುವೆ ಅದು 16 ಸಲ ಕೈಬದಲಾಯಿತು ಎನ್ನುತ್ತಾರೆ. ಅಷ್ಟರಲ್ಲಿ ನಿಂತ ಗೋಡೆಯೂ ಉಳಿದಿರಲಿಲ್ಲ.

ಮತ್ತೆ ಏಕೆ ಕಟ್ಟಲಿಲ್ಲ?

17 ಏಪ್ರಿಲ್ 1919ರ ಯುದ್ಧಹಾನಿ ಕಾನೂನು ಇಲ್ಲಿ ಮುಖ್ಯ. ನೆಲವನ್ನು ಸರಿಪಡಿಸುವ ಖರ್ಚು ಆ ನೆಲದ ಬೆಲೆಯನ್ನೇ ಮೀರಿದರೆ ಸರ್ಕಾರ ಅದನ್ನು ಕೊಂಡುಕೊಳ್ಳಬಹುದಿತ್ತು. ಸಿಡಿಯದ ಶೆಲ್‌ಗಳು, ಶವಗಳು, ವಿಷರಾಸಾಯನಿಕ ತುಂಬಿದ ಈ ಮಣ್ಣು ವಾಸಕ್ಕೂ ಬೇಸಾಯಕ್ಕೂ ತಕ್ಕದ್ದಲ್ಲವೆಂದು ಗುರುತಿಸಿದ ‘ಕೆಂಪು ವಲಯ’ಕ್ಕೆ ಸೇರಿ, ಅರಣ್ಯ ಇಲಾಖೆ ಪೈನ್ ಮರ ನೆಟ್ಟಿತು. ತಲೆಮಾರುಗಳಿಂದ ಉತ್ತು ಬಿತ್ತಿದ ಹೊಲ ಹೀಗೆ ಕಾಡಾದದ್ದು ಓದುವಾಗ ನನಗೆ ನಿಜಕ್ಕೂ ಸಂಕಟವಾಯಿತು.

ಆದರೂ ಫ್ಲೂರಿ ಕಾನೂನಿನ ದೃಷ್ಟಿಯಲ್ಲಿ ಇಂದಿಗೂ ಒಂದು ಕಮ್ಯೂನ್, ಅಂದರೆ ಫ್ರಾನ್ಸಿನ ಅತಿ ಚಿಕ್ಕ ಆಡಳಿತ ಘಟಕ. ಮತದಾರರಿಲ್ಲದ್ದರಿಂದ ಚುನಾವಣೆ ಇಲ್ಲ. ಜಿಲ್ಲೆಯಲ್ಲಿ ಸರ್ಕಾರದ ಪ್ರತಿನಿಧಿಯಾದ ಪ್ರಿಫೆಕ್ಟ್ ನೇಮಿಸುವ ಮೂವರ ಸಮಿತಿ ಇದೆ, ಅದರ ಅಧ್ಯಕ್ಷರಿಗೆ ಮೇಯರ್ ಅಧಿಕಾರ. ಬೇಕರಿ, ಬಟ್ಟೆ ಒಗೆಯುವ ಕಟ್ಟೆ, ರೈತರ ಮನೆ ಎಲ್ಲೆಲ್ಲಿದ್ದವೆಂದು ಇಂದು ಫಲಕಗಳು ತೋರಿಸುತ್ತವೆ. 1967ರ ವರ್ದೂನ್ ಸ್ಮಾರಕ ನಿಂತಿರುವುದು ಊರಿನ ಹಳೆಯ ರೈಲು ನಿಲ್ದಾಣದ ಜಾಗದಲ್ಲಿ.

ಇಂಥ ನಾಶವಾದ ಗ್ರಾಮಗಳು ವರ್ದೂನ್ ಸುತ್ತ ಒಂಬತ್ತು, ಆದರೆ ಒಂಬತ್ತೂ ಖಾಲಿಯಲ್ಲ. ಓರ್ನ್, ವೋ, ದುವೊಮೊಂ ಭಾಗಶಃ ಮತ್ತೆ ಕಟ್ಟಲ್ಪಟ್ಟವು. 2019ರಲ್ಲಿ ಕೊನೆಯ ಎರಡು ಸೇರಿ ದುವೊಮೊಂ-ವೋ ಎಂಬ ಒಂದೇ ಕಮ್ಯೂನ್ ಆಯಿತು. ಫ್ಲೂರಿ ಸೇರಿ ಉಳಿದ ಆರೂ ಖಾಲಿ.