ಲಾಬಿಯ ಗುರುತು ಪರವಾನಗಿಯಲ್ಲಿರುತ್ತದೆ
ಸಾರಿಗೆ ನೀತಿಯ ಮೇಲೆ ಲಾಬಿಯ ಪ್ರಭಾವ ಎಷ್ಟಿದೆ ಎಂದು ತಿಳಿಯಬಯಸುವವರು ಸಾಮಾನ್ಯವಾಗಿ ಚುನಾವಣಾ ದೇಣಿಗೆಯ ಲೆಕ್ಕ ಹುಡುಕುತ್ತಾರೆ. ನಾನು ಮೊದಲು ಓದುವುದು ಹೊಸಬರಿಗೆ ಪರವಾನಗಿ ನೀಡುವ ನಿಯಮವನ್ನು. ಹಾಗೆ ಓದುವುದರಿಂದ ಏನು ಸಿಗುತ್ತದೆ ಎಂಬುದಕ್ಕೆ ಅಮೆರಿಕದ ಸರಕು ಸಾಗಣೆಯ ಇತಿಹಾಸ ಒಳ್ಳೆಯ ಉದಾಹರಣೆ.

ರೈಲು ಕಂಪನಿಗಳ ತಾರತಮ್ಯದ ದರಗಳಿಗೆ ಕಡಿವಾಣ ಹಾಕಲೆಂದು ಅಲ್ಲಿ 1887ರಲ್ಲಿ ಅಂತರರಾಜ್ಯ ವಾಣಿಜ್ಯ ಆಯೋಗ ಸ್ಥಾಪನೆಯಾಯಿತು. 1935ರ ಕಾಯ್ದೆ ಲಾರಿಗಳನ್ನೂ ಅದರ ಅಧೀನಕ್ಕೆ ತಂದಿತು. ಲಾರಿಗಳ ಪೈಪೋಟಿಯಿಂದ ಕಂಗೆಟ್ಟಿದ್ದ ರೈಲು ಕಂಪನಿಗಳು ಇದನ್ನು ಬೆಂಬಲಿಸಿದ್ದವು. ಅಲ್ಲಿಂದ ಮುಂದೆ ಹೊಸ ಮಾರ್ಗದಲ್ಲಿ ಲಾರಿ ಓಡಿಸಬಯಸುವವನು ತನ್ನ ಸೇವೆ ‘ಸಾರ್ವಜನಿಕ ಅನುಕೂಲ ಮತ್ತು ಅಗತ್ಯ’ಕ್ಕೆ ಬೇಕಾದದ್ದೆಂದು ಆಯೋಗದ ಮುಂದೆ ಸಾಬೀತುಪಡಿಸಬೇಕಾಯಿತು, ಅದೇ ಮಾರ್ಗದಲ್ಲಿ ಆಗಲೇ ಓಡುತ್ತಿದ್ದ ಕಂಪನಿಗಳಿಗೆ ಆಕ್ಷೇಪಣೆ ಸಲ್ಲಿಸುವ ಅವಕಾಶ ದೊರೆಯಿತು. ಯಾವ ಸರಕು, ಯಾವ ರಸ್ತೆ ಎಂಬುದೂ ಪರವಾನಗಿಯಲ್ಲೇ ನಮೂದಾಗಿರುತ್ತಿದ್ದುದರಿಂದ, ಸರಕು ಇಳಿಸಿದ ಲಾರಿ ಮರಳುವ ದಾರಿಯಲ್ಲಿ ಬೇರೆ ಬಾಡಿಗೆ ಸಿಗುವಂತಿದ್ದರೂ ಖಾಲಿಯೇ ಬರಬೇಕಾದ ಸಂದರ್ಭಗಳಿದ್ದವು. ಕ್ರಮೇಣ ಈ ಪರವಾನಗಿಗಳೇ ದುಬಾರಿ ಆಸ್ತಿಯಂತೆ ಕೈಬದಲಾಗತೊಡಗಿದವು. ಪೈಪೋಟಿ ಮುಕ್ತವಾಗಿದ್ದರೆ ಬರೀ ಕಾಗದಕ್ಕೆ ಯಾರೂ ಅಷ್ಟು ಹಣ ಕೊಡುತ್ತಿರಲಿಲ್ಲ. ಆ ಬೆಲೆ ಕೊನೆಗೆ ಸಾಗಣೆ ದರದಲ್ಲೇ ವಸೂಲಾಗುತ್ತಿತ್ತು. ಲಾಬಿಯ ಫಲವನ್ನು ಅಳೆಯಲು ಇದಕ್ಕಿಂತ ನಂಬಲರ್ಹ ಸೂಚಕ ನನಗೆ ಕಂಡಿಲ್ಲ.

ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1971ರಲ್ಲಿ ಇದನ್ನೇ ಸಿದ್ಧಾಂತವಾಗಿಸಿದರು: ನಿಯಂತ್ರಣವನ್ನು ಬಹುಮಟ್ಟಿಗೆ ಆಯಾ ಉದ್ಯಮವೇ ಕೇಳಿ ಪಡೆಯುತ್ತದೆ, ತನ್ನ ಲಾಭಕ್ಕೆ ತಕ್ಕಂತೆ ರೂಪಿಸಿಕೊಳ್ಳುತ್ತದೆ. 1930ರ ದಶಕದ ಆರಂಭದಲ್ಲಿ ಬೇರೆ ಬೇರೆ ರಾಜ್ಯಗಳು ಲಾರಿಗಳಿಗೆ ವಿಧಿಸಿದ್ದ ತೂಕದ ಮಿತಿಯನ್ನು ಅವರು ಹೋಲಿಸಿ ನೋಡಿದಾಗ, ರಸ್ತೆಯ ಗಟ್ಟಿತನದ ಜೊತೆಗೆ ರೈತರ ಬಳಿಯಿದ್ದ ಲಾರಿಗಳ ಪ್ರಮಾಣವೂ ರೈಲ್ವೆಯೊಂದಿಗಿನ ಪೈಪೋಟಿಯೂ ಆ ಮಿತಿಯನ್ನು ನಿರ್ಧರಿಸಿದ್ದು ಕಂಡುಬಂತು.

ಆದರೆ 1980ರಲ್ಲಿ ಆದದ್ದನ್ನು ಈ ಸಿದ್ಧಾಂತ ಸರಿಯಾಗಿ ವಿವರಿಸುವುದಿಲ್ಲ. ಲಾರಿ ಮಾಲೀಕರ ಸಂಘವೂ ಲಾರಿ ಚಾಲಕರ ಟೀಮ್‌ಸ್ಟರ್ಸ್ ಕಾರ್ಮಿಕ ಸಂಘವೂ ಅಪರೂಪಕ್ಕೆ ಒಂದೇ ಕಡೆ ನಿಂತು ವಿರೋಧಿಸಿದರೂ ಲಾರಿ ಸಾಗಣೆಯ ನಿಯಂತ್ರಣವನ್ನು ಸಡಿಲಿಸುವ ಕಾಯ್ದೆ ಅಂಗೀಕಾರವಾಯಿತು. ವಿಮಾನಯಾನದಲ್ಲಿ 1978ರಲ್ಲೇ ಇಂಥ ಸಡಿಲಿಕೆ ಆಗಿತ್ತು. ಅದಕ್ಕೆ ಮೊದಲು, ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಾಸ್‌ಗಳ ಒಳಗಷ್ಟೇ ಹಾರುತ್ತಿದ್ದ, ಆದ್ದರಿಂದ ಕೇಂದ್ರದ ವಿಮಾನಯಾನ ಮಂಡಳಿಯ ಹಿಡಿತಕ್ಕೆ ಸಿಗದಿದ್ದ ಕಂಪನಿಗಳು ಅಷ್ಟೇ ದೂರಕ್ಕೆ ಮಂಡಳಿಯ ಅಧೀನದ ಕಂಪನಿಗಳಿಗಿಂತ ಬಹಳ ಕಡಿಮೆ ದರ ವಿಧಿಸುತ್ತಿದ್ದುದನ್ನು ಸಂಶೋಧಕರು ತೋರಿಸಿಕೊಟ್ಟಿದ್ದರು. ನಿಯಮದ ಗಡಿಯಾಚೆ ಉಳಿದ ಇಂಥ ತುಣುಕೊಂದು ಸಿಕ್ಕರೆ ಸಂಶೋಧಕನ ಅರ್ಧ ಕೆಲಸ ಮುಗಿದಂತೆ; ಎಷ್ಟೇ ನುರಿತ ಲಾಬಿಗಾರನಿಗೂ ಆ ಎರಡು ದರಗಳ ಅಂತರವನ್ನು ಮಾತಿನಲ್ಲಿ ಮುಚ್ಚಿಹಾಕುವುದು ಕಷ್ಟ.

ಹಾಗೆಂದು ವಿರೋಧಿಸಿದವರ ಲೆಕ್ಕಾಚಾರವೂ ತಪ್ಪಿರಲಿಲ್ಲ. 1980ರ ನಂತರ ಪರವಾನಗಿಗಳ ಬೆಲೆ ಕುಸಿಯಿತು, ಸಾಗಣೆ ದರ ಇಳಿಯಿತು, ಅದರೊಂದಿಗೆ ಲಾರಿ ಚಾಲಕರ ನೈಜ ವೇತನವೂ ಕಾರ್ಮಿಕ ಸಂಘದ ಸದಸ್ಯಬಲವೂ ಕುಗ್ಗಿದವು.