ಸಾಯುವ ಪಾತ್ರಕ್ಕೆ ಪೂರ್ವಕತೆ ಯಾಕೆ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಲು ಬರುವ ಹೊಸಬರಲ್ಲಿ ಎಷ್ಟೋ ಜನ ಈಗ ಮೂರು ಪುಟದ ಕತೆ ಬರೆದುಕೊಂಡೇ ಬರುತ್ತಾರೆ. ಪಾತ್ರದ ಊರು ಸುಟ್ಟು ಬೂದಿಯಾಗಿರುತ್ತದೆ. ಅಪ್ಪ ಅಮ್ಮ ತೀರಿಕೊಂಡಿರುತ್ತಾರೆ. ಗುರು ಕೈಕೊಟ್ಟಿರುತ್ತಾನೆ. ಆಟ ಮಾತ್ರ ಇನ್ನೂ ಶುರುವೇ ಆಗಿರುವುದಿಲ್ಲ. ಐವತ್ತು ವರ್ಷದ ಹಿಂದೆ ಹೀಗೆ ಯಾರೂ ಬರೆದುಕೊಂಡು ಬರುತ್ತಿರಲಿಲ್ಲ. ಯಾಕೆ ಅಂದರೆ, ಅಷ್ಟು ಬರೆಯುವಷ್ಟರಲ್ಲಿ ಪಾತ್ರ ಸತ್ತೇ ಹೋಗುತ್ತಿತ್ತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುತ್ತಾ ಆಡುವ ಆಟ ಇದು. ಒಬ್ಬರು ಆಟ ನಡೆಸುತ್ತಾರೆ. ಅಂದುಕೊಂಡದ್ದು ಕೈಗೂಡಿತೋ ಇಲ್ಲವೋ ಅಂತ ದಾಳ ಹೇಳುತ್ತದೆ.

ಇದು ಹುಟ್ಟಿದ್ದು ಯುದ್ಧದ ಆಟಗಳಿಂದ. ಅಮೆರಿಕದ ಮಿನಿಯಾಪೊಲಿಸ್ ಕಡೆ ಗೊಂಬೆ ಸೈನ್ಯ ಇಟ್ಟುಕೊಂಡು ಆಡುವ ಗುಂಪೊಂದಿತ್ತು. 1969ರಲ್ಲಿ ಅಲ್ಲಿನ ಡೇವಿಡ್ ವೆಸ್ಲಿ ಆಟಗಾರರಿಗೆ ಸೈನ್ಯದ ಬದಲು ಒಬ್ಬೊಬ್ಬ ಮನುಷ್ಯನನ್ನು ಕೊಟ್ಟು ನೋಡಿದರು. ಅದೇ ಗುಂಪಿನ ಡೇವ್ ಆರ್ನೆಸನ್ ಅದನ್ನು ಮಾಟಮಂತ್ರದ ಲೋಕಕ್ಕೆ ಒಯ್ದರು. ವಿಸ್ಕಾನ್ಸಿನ್‌ನ ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರಗೆ ತಂದರು. ಒಂದು ಪೆಟ್ಟಿಗೆಯಲ್ಲಿ ಮೂರು ಸಣ್ಣ ಪುಸ್ತಕ.

ಆ ಆಟದಲ್ಲಿ ಪಾತ್ರ ಮಾಡುವುದು ಹತ್ತು ನಿಮಿಷದ ಕೆಲಸ. ಆರು ಮುಖದ ಮೂರು ದಾಳ ಉರುಳಿಸಿ ಕೂಡಿಸಬೇಕು. ಹೀಗೆ ಆರು ಸಲ. ಬಲ, ಬುದ್ಧಿ, ವಿವೇಕ, ತಾಳಿಕೆ, ಚುರುಕು, ವರ್ಚಸ್ಸು. ಬಂದದ್ದು ಬಂದ ಹಾಗೇ, ಅದೇ ಸಾಲಿನಲ್ಲಿ. 9, 14, 11, 7, 12, 6 ಬಿತ್ತು ಅನ್ನಿ. ಬಲ ಇಲ್ಲ, ಬುದ್ಧಿ ಇದೆ, ಹಾಗಾದರೆ ಮಂತ್ರಗಾರ. ನಿಮಗೆ ಕತ್ತಿವೀರ ಬೇಕಿತ್ತಾ? ಅದನ್ನು ಕೇಳುವವರೇ ಇಲ್ಲ. ಮೂರು ಪುಸ್ತಕದ ನಿಯಮದಲ್ಲಿ ಈ ದಾಳ ಉರುಳಿಸುವುದೂ ಆಟ ನಡೆಸುವವರೇ!

ಈಗ ಆ ಮಂತ್ರಗಾರನ ಜೀವ ಎಷ್ಟು? ಒಂದು ದಾಳ. 3 ಬಿತ್ತು ಅಂದುಕೊಳ್ಳಿ. ಎದುರಿಗೆ ಬಂದ ಗಾಬ್ಲಿನ್ ಅನ್ನುವ ಕುಳ್ಳ ರಾಕ್ಷಸನ ಏಟಿಗೂ ಒಂದು ದಾಳ. ಏಟು ತಗುಲಿ, 3 ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಕತೆ ಮುಗಿಯಿತು. ಅಂದರೆ ತಗುಲಿದ ಪ್ರತಿ ಮೂರು ಏಟಿನಲ್ಲಿ ಎರಡು ಪ್ರಾಣ ತೆಗೆಯುವಂಥವು. ಇಂಥವನಿಗೆ ಬಾಲ್ಯದ ನೋವು ಬರೆಯುತ್ತಾ ಕೂರುವುದು ಸುಮ್ನೆ ಶಾಯಿ ದಂಡ, ಅಲ್ವಾ? ಮೂರ್ನಾಲ್ಕು ಸಲ ಬದುಕಿ ಬಂದವನಿಗೆ ಮಾತ್ರ ಹೆಸರು, ಗುಣ, ಹಗೆ ಎಲ್ಲ ಅಂಟಿಕೊಳ್ಳುತ್ತಿತ್ತು. ಅವನ ಕತೆ ಅಂದರೆ ಮೇಜಿನ ಮೇಲೆ ನಡೆದದ್ದೇ.

1977ರಲ್ಲಿ ಬಂದ ಟ್ರಾವೆಲರ್ ಬೇರೆಯೇ ದಾರಿ ಹಿಡಿಯಿತು. ಬಾಹ್ಯಾಕಾಶದ ಆಟ, ಮಾಡಿದವರು ಮಾರ್ಕ್ ಮಿಲ್ಲರ್. ಪಾತ್ರಕ್ಕೆ 18 ವರ್ಷ. ನೌಕಾಪಡೆಯೋ ಸೈನ್ಯವೋ ವ್ಯಾಪಾರವೋ, ಒಂದು ಕೆಲಸಕ್ಕೆ ಸೇರಿಸಬೇಕು. ನಾಲ್ಕು ವರ್ಷಕ್ಕೊಂದು ಅವಧಿ. ಪ್ರತಿ ಅವಧಿಗೂ ಬದುಕುಳಿಯುವ ದಾಳ. ಅನ್ವೇಷಕರ ಪಡೆಗೆ ಸೇರಿದರೆ ಎರಡು ದಾಳ ಕೂಡಿ 7 ದಾಟಲೇಬೇಕು ಅಥವಾ ಮುಟ್ಟಲೇಬೇಕು. ಇಲ್ಲದಿದ್ದರೆ ಪಾತ್ರ ಆಟಕ್ಕೆ ಮೊದಲೇ ಗೊಟಕ್. ಕೇಳಿದವರು ನಗುತ್ತಾರೆ, ನಿಯಮದಲ್ಲಿ ಮಾತ್ರ ತರ್ಕವಿದೆ. ಇನ್ನೊಂದು ಅವಧಿ ದುಡಿದರೆ ಇನ್ನಷ್ಟು ಕಲಿಕೆ. ದುರಾಸೆಗೆ ಬೆಲೆ ಬೇಡವಾ? ಪೂರ್ವಕತೆ ಅನ್ನುವುದು ನಿಯಮವಾಗಿ ಸಿಕ್ಕಿದ್ದು ಇಲ್ಲಿ. ಬರೆದವರು ಆಟಗಾರರಲ್ಲ, ದಾಳ.

ಆಟಗಾರರಿಗೆ ಅಷ್ಟರಲ್ಲಿ ತಮ್ಮಿಷ್ಟದ ಪಾತ್ರ ಬೇಕಾಗಿತ್ತು. 1979ರ ಹೊತ್ತಿಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸೇ ಸಡಿಲವಾಯಿತು. ನಾಲ್ಕು ದಾಳ ಹಾಕಿ, ಚಿಕ್ಕದನ್ನು ಬಿಟ್ಟು, ಬೇಕಾದ ಕಡೆ ಜೋಡಿಸಿಕೊಳ್ಳಿ ಎಂದಿತು. 1981ರ ಚಾಂಪಿಯನ್ಸ್ ಪಾತ್ರ ಮಾಡುವಾಗ ದಾಳವನ್ನೇ ಪಕ್ಕಕ್ಕಿಟ್ಟಿತು. ಅದು ಸೂಪರ್‌ಹೀರೋಗಳ ಆಟ. ಮನಸ್ಸಿನಲ್ಲಿರುವ ಹೀರೋನನ್ನು ದಾಳ ಹೇಗೆ ತಂದುಕೊಡುತ್ತದೆ? ಅಂಕಗಳನ್ನು ಕೊಟ್ಟು ಶಕ್ತಿ ಕೊಂಡುಕೊಳ್ಳುವ ಪದ್ಧತಿ ಬಂತು. ಅಂಕ ಸಾಲದಾದರೆ ಕಷ್ಟಗಳನ್ನು ತಲೆಗೆ ಕಟ್ಟಿಕೊಂಡು ಇನ್ನಷ್ಟು ಅಂಕ ಪಡೆಯಬಹುದು. ಬೆನ್ನುಬಿಡದ ವೈರಿ, ಮುಚ್ಚಿಡಬೇಕಾದ ಗುಟ್ಟು, ಇಂಥವು. 1986ರ ಗರ್ಪ್ಸ್ ಇದನ್ನೇ ಎಲ್ಲ ಬಗೆಯ ಕತೆಗಳಿಗೂ ಹರಡಿತು.

ಲೆಕ್ಕ ಬಲ್ಲವರಿಗೆ ಇದು ಹಬ್ಬ. ಆಟದಲ್ಲಿ ಎಂದೂ ಅಡ್ಡ ಬರದ ಕಷ್ಟವನ್ನೇ ಹುಡುಕಿ ಆರಿಸಿಕೊಳ್ಳುವ ಜಾಣರು ಹುಟ್ಟಿಕೊಂಡರು. ಆದರೂ ದೊಡ್ಡದೊಂದು ಬದಲಾವಣೆ ಆಗಿಹೋಯಿತು. ಗಂಟೆಗಟ್ಟಲೆ ಕೂತು ಕಟ್ಟಿದ ಪಾತ್ರವನ್ನು ಒಂದೇ ಏಟಿಗೆ ಸಾಯಿಸಲು ಆಟ ನಡೆಸುವವರಿಗೆ ಕೈ ಬರುವುದಿಲ್ಲ. ನಿಯಮಗಳೂ ಮೆತ್ತಗಾದವು. 2014ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಜೀವ ಸೊನ್ನೆಗಿಳಿದರೂ ಸಾಮಾನ್ಯವಾಗಿ ತಕ್ಷಣ ಸಾವಿಲ್ಲ. ಬದುಕೋ ಸಾವೋ ಅಂತ ಉರುಳಿಸುವ ದಾಳದಲ್ಲಿ ಮೂರು ಸಲ ಸೋಲಬೇಕು. ಅದೇ ಪುಸ್ತಕದಲ್ಲಿ ಪಾತ್ರದ ಹಿನ್ನೆಲೆ, ಆದರ್ಶ, ನಂಟು, ಕೊರತೆ ಬರೆಯಲು ಜಾಗವೂ ಇದೆ. ಎರಡೂ ಒಟ್ಟಿಗೆ ಬಂದದ್ದು ಕಾಕತಾಳೀಯ ಅಂತ ನನಗನಿಸುವುದಿಲ್ಲ.

ಮೂರು ಪುಟದ ಕತೆಯ ತೊಂದರೆ ಏನೆಂದರೆ, ಅದರಲ್ಲಿ ಜೊತೆಗಾರರೇ ಇರುವುದಿಲ್ಲ. ಐವರು ಅನಾಥರು ಐದು ಸೇಡು ಹೊತ್ತು ಒಂದೇ ಹೋಟೆಲಿಗೆ ಬಂದು ಕೂರುತ್ತಾರೆ. 2010ರ ಅಪೋಕ್ಯಾಲಿಪ್ಸ್ ವರ್ಲ್ಡ್ ಇಲ್ಲಿ ಜಾಣತನ ತೋರಿಸಿತು. ಪಾತ್ರ ಮಾಡುವಾಗಲೇ ಪಕ್ಕದಲ್ಲಿ ಕೂತವರನ್ನು ನೋಡಿ ಉತ್ತರಿಸಬೇಕು: ಇವರಲ್ಲಿ ನಿನ್ನ ಕೈಬಿಟ್ಟವರು ಯಾರು, ನಿನ್ನ ಹೆಗಲಿಗೆ ಹೆಗಲು ಕೊಟ್ಟು ಹೊಡೆದಾಡಿದವರು ಯಾರು, ಹೀಗೆ. ಹತ್ತು ನಿಮಿಷದಲ್ಲಿ ಜಗಳಕ್ಕೂ ಸ್ನೇಹಕ್ಕೂ ಕಾರಣ ಸಿಕ್ಕಿರುತ್ತದೆ. ನನ್ನ ಮಟ್ಟಿಗೆ ಮೂರು ಪುಟಕ್ಕಿಂತ ಈ ಎರಡು ಉತ್ತರ ಮೇಲು.

ಹಳೆಯ ದಾರಿ ಪೂರ್ತಿ ಮುಚ್ಚಿಲ್ಲ. 2012ರ ಡಂಜನ್ ಕ್ರಾಲ್ ಕ್ಲಾಸಿಕ್ಸ್‌ನಲ್ಲಿ ಒಬ್ಬೊಬ್ಬ ಆಟಗಾರನಿಗೂ ಕೆಲವು ಬಡಪಾಯಿ ಹಳ್ಳಿಗರು ಸಿಗುತ್ತಾರೆ. ಕಸುಬೂ ದಾಳದ್ದೇ ತೀರ್ಮಾನ. ರೈತನಾದರೆ ಕೈಯಲ್ಲಿ ಕವೆಗೋಲು, ಕಂಕುಳಲ್ಲಿ ಕೋಳಿ. ಎಲ್ಲರನ್ನೂ ಒಟ್ಟಿಗೆ ಅಪಾಯದ ಬಾಯಿಗೆ ದೂಡುತ್ತಾರೆ. ಹೆಚ್ಚಿನವರು ವಾಪಸು ಬರುವುದಿಲ್ಲ. ಉಳಿದವನೇ ಮೊದಲ ಹಂತದ ವೀರ, ಅವನೇ ಇನ್ನು ಮುಂದೆ ನಿಮ್ಮ ಪಾತ್ರ.