ಕಾರವಾರದಲ್ಲಿ ಸೋಲುವ ಸೂರ್ಯಸೂತ್ರ

ಭೂಗೋಳ ಅಂದರೆ ರಾಜಧಾನಿಗಳ ಹೆಸರು ಬಾಯಿಪಾಠ ಮಾಡುವುದು ಎಂದು ನಂಬಿದವರು ಇನ್ನೂ ಜಾಸ್ತಿ. ಅವರೆಲ್ಲ ಒಮ್ಮೆ ಜಿಯೋಗೆಸ್ಸರ್ ಆಡಬೇಕು. 2013ರಲ್ಲಿ ಸ್ವೀಡನ್‌ನಲ್ಲಿ ಹುಟ್ಟಿದ ಆಟ ಇದು. ಗೂಗಲ್ ಸ್ಟ್ರೀಟ್ ವ್ಯೂ ಅಂದರೆ ಗೂಗಲ್‌ನ ರಸ್ತೆ ಚಿತ್ರಗಳ ಸಂಗ್ರಹ; ಅದರ ಯಾವುದೋ ರಸ್ತೆಯಲ್ಲಿ ನಿಮ್ಮನ್ನು ಇಳಿಸುತ್ತದೆ. ಸುತ್ತ ನೋಡಿ, ಇದು ಎಲ್ಲಿ ಎಂದು ನಕಾಶೆಯಲ್ಲಿ ಗುರುತು ಹಾಕಬೇಕು. ಬೋರ್ಡಿನ ಲಿಪಿ, ವಾಹನ ಓಡುವ ಬದಿ, ಕರೆಂಟ್ ಕಂಬ, ಮಣ್ಣಿನ ಬಣ್ಣ ಎಲ್ಲವೂ ಸುಳಿವು.

ನನಗೆ ಬಹಳ ಇಷ್ಟವಾದ ಸುಳಿವು ಸೂರ್ಯ. ಆಟದ ಪರದೆಯಲ್ಲಿ ದಿಕ್ಸೂಚಿ ಇರುತ್ತದೆ. ಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲಿದ್ದರೆ ಅದು ಉತ್ತರ ಗೋಳಾರ್ಧ, ಉತ್ತರದಲ್ಲಿದ್ದರೆ ದಕ್ಷಿಣ ಗೋಳಾರ್ಧ. ಸ್ವೀಡನ್‌ಗೂ ನ್ಯೂಜಿಲೆಂಡ್‌ಗೂ ಈ ಸೂತ್ರ ವರ್ಷವಿಡೀ ಸರಿ. ಕಾರವಾರಕ್ಕೆ ಸರಿಯಲ್ಲ!

ಭೂಮಿ ಸುಮಾರು 23.5 ಡಿಗ್ರಿ ವಾಲಿದೆ. ಅದಕ್ಕೇ ಸೂರ್ಯ ನೆತ್ತಿಗೆ ಬರುವ ಜಾಗ ವರ್ಷವಿಡೀ ಉತ್ತರಕ್ಕೂ ದಕ್ಷಿಣಕ್ಕೂ ಹೋಗಿಬರುತ್ತಿರುತ್ತದೆ. ಕಾರವಾರ ಇರುವುದು 14.8 ಡಿಗ್ರಿ ಉತ್ತರದಲ್ಲಿ. ಏಪ್ರಿಲ್ ಕೊನೆಗೆ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗುತ್ತಾನೆ. ಆಗಸ್ಟ್ ಎರಡನೇ ವಾರದಲ್ಲಿ ಮರಳಿ ದಾಟುತ್ತಾನೆ. ನಡುವಿನ ಮೂರು ಚಿಲ್ಲರೆ ತಿಂಗಳು ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ದಿನಾ ಮಧ್ಯಾಹ್ನ ಸೂರ್ಯ ನೆತ್ತಿ ಮೇಲೇ ಇರುತ್ತಾನೆ ಅನ್ನುವ ಮಾತು ಸುಮ್ನೆ ರೂಢಿಯಿಂದ ಬಂದದ್ದು. ನಮ್ಮಲ್ಲಿ ಹಾಗಾಗುವುದು ವರ್ಷಕ್ಕೆ ಎರಡೇ ಸಲ.

ಇದು ಕಣ್ಣಿಗೆ ಬೀಳದಿರಲು ಮಳೆ ಕಾರಣ. ಜೂನ್, ಜುಲೈನಲ್ಲಿ ಕರಾವಳಿಯಲ್ಲಿ ಸೂರ್ಯ ಕಾಣುವುದೇ ಅಪರೂಪ ಅಲ್ವಾ? ಹಾಗಾಗಿ ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಒಂದು ಮೀಟರ್ ಕೋಲನ್ನು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿ. ನೋಡಬೇಕಾದದ್ದು 12 ಗಂಟೆಗಲ್ಲ, 12.30ಕ್ಕೆ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಕಾರವಾರ ಇರುವುದು 74ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ನಮಗೆ ತಡ. ಆಗ ಸುಮಾರು 11 ಸೆಂಟಿಮೀಟರ್ ನೆರಳು ದಕ್ಷಿಣಕ್ಕೆ ಚಾಚಿರುತ್ತದೆ. ಡಿಸೆಂಬರ್ ಕೊನೆಗೆ ಅದೇ ಕೋಲಿನ ನೆರಳು ಉತ್ತರಕ್ಕೆ, 79 ಸೆಂಟಿಮೀಟರ್ ಹತ್ತಿರ!

ಸುಮಾರು 2,200 ವರ್ಷಗಳ ಹಿಂದೆ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಹಿಡಿದದ್ದೂ ನೆರಳನ್ನೇ. ವರ್ಷದ ಅತಿ ಉದ್ದದ ಹಗಲಿನಂದು ಮಧ್ಯಾಹ್ನ ಈಜಿಪ್ಟಿನ ಸಯೀನ್‌ನಲ್ಲಿ ನೆರಳಿಲ್ಲ. ಅಲೆಕ್ಸಾಂಡ್ರಿಯಾದಲ್ಲಿ ಮಾತ್ರ 7 ಡಿಗ್ರಿ ಚಿಲ್ಲರೆ ಕೋನದ ನೆರಳು. ಅಂದರೆ ವೃತ್ತದ ಐವತ್ತರಲ್ಲಿ ಒಂದು ಪಾಲು. ಎರಡೂ ಊರುಗಳ ದೂರವನ್ನು ಐವತ್ತರಿಂದ ಗುಣಿಸಿ ಇಡೀ ಭೂಮಿಯ ಸುತ್ತಳತೆ ಹೇಳಿದ.

ಸರಿ, ಆಟದಲ್ಲಿ ಮೇ ತಿಂಗಳ ಚಿತ್ರ ಸಿಕ್ಕರೆ? ಮಾಡಿನ ಮೇಲಿನ ಟಿವಿ ಡಿಶ್ ಹುಡುಕಿ. ಟಿವಿ ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಂತೆ ಕಾಣುತ್ತವೆ. ಋತು ಬದಲಾದರೂ ಅವು ಕದಲುವುದಿಲ್ಲ. ಹಾಗಾಗಿ ಡಿಶ್ ದಕ್ಷಿಣಕ್ಕೆ ನೋಡಿದರೆ ಅದು ಉತ್ತರ ಗೋಳಾರ್ಧ, ಉತ್ತರಕ್ಕೆ ನೋಡಿದರೆ ದಕ್ಷಿಣ ಗೋಳಾರ್ಧ. ಸ್ವಲ್ಪ ಪೂರ್ವಕ್ಕೋ ಪಶ್ಚಿಮಕ್ಕೋ ತಿರುಗಿದ್ದರೂ ಶಿರಸಿಯ ಡಿಶ್ ದಕ್ಷಿಣದ ಕಡೆಗೇ ನೋಡುತ್ತದೆ, ಅದೂ ಆಕಾಶದಲ್ಲಿ ಬಹಳ ಎತ್ತರಕ್ಕೆ. ಸ್ವೀಡನ್‌ನ ಡಿಶ್ ದಿಗಂತದ ಹತ್ತಿರಕ್ಕೆ ನೋಡುತ್ತದೆ. ಡಾಕರ್, ಮನಿಲಾ, ಗ್ವಾಟೆಮಾಲಾ ಸಿಟಿ ಮೂರೂ ಹೆಚ್ಚುಕಡಿಮೆ ಕಾರವಾರ, ಶಿರಸಿಯ ಅಕ್ಷಾಂಶದಲ್ಲೇ ಇವೆ. ಅಲ್ಲೂ ಮೇಯಿಂದ ಆಗಸ್ಟ್ ಆರಂಭದವರೆಗೆ ನೆರಳನ್ನು ನಂಬುವ ಹಾಗಿಲ್ಲ. ಡಿಶ್ ನೋಡಿಯೇ ಗುರುತು ಹಾಕಿ.